ಕೌದಿ: ಬೇಸಿಗೆಯ ಬಿಡುವಿನ ಮನೆಹೊಲಿಗೆಯೂ ಇತಿಹಾಸದ ಆಧಾರವೂ

೧. ಪೀಠಿಕೆ

ಇತಿಹಾಸದ ಆಧಾರಗಳೆಂದೊಡನೆ ಶಾಸನ, ನಾಣ್ಯ, ತಾಳೆಯೋಲೆ, ಕಡತ, ಪ್ರವಾಸಿಗಳ ಬರವಣಿಗೆ ಮುಂತಾದವು ನಮ್ಮ ನೆನಪಿಗೆ ಬರುತ್ತವೆ. ಇವೆಲ್ಲವೂ ಅರಮನೆ, ಗುಡಿ, ಮಠ, ಸಂತೆ, ಕಚೇರಿ ಇವುಗಳ ಸುತ್ತ ಹುಟ್ಟಿದವು. ಮನೆಯೊಳಗಣ ಬಾಳುವೆಯನ್ನು, ಅದರಲ್ಲಿಯೂ ಹೆಂಗಸರ ದುಡಿಮೆಯನ್ನು, ತಿಳಿಯಹೊರಟವನಿಗೆ ಇವುಗಳಿಂದ ದೊರೆಯುವ ನೆರವು ಅತ್ಯಲ್ಪ. ಹಾಗಾದರೆ ಮನೆಯ ಇತಿಹಾಸಕ್ಕೆ ಆಧಾರವೇ ಇಲ್ಲವೆ? ಇದೆಯೆಂದೂ, ಅದು ನಮ್ಮಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಮಡಿಸಿ ಇಟ್ಟಿದೆಯೆಂದೂ ತೋರಿಸಿಕೊಡುವುದು ಈ ಲೇಖನದ ಉದ್ದೇಶ. ಆ ಆಧಾರವೆಂದರೆ ಕೌದಿ.

ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು, ಕಲಬುರಗಿ ಜಿಲ್ಲೆಗಳ ಓದುಗರಿಗೆ ಕೌದಿಯ ಪರಿಚಯ ಹೇಳಬೇಕಾಗಿಲ್ಲ. ಇತರರಿಗಾಗಿ ಇಷ್ಟು ಹೇಳಬಹುದು: ಉಟ್ಟು ಹಳತಾದ ಸೀರೆ, ಧೋತರ, ಕುಪ್ಪಸ, ಅಂಗಿಗಳ ಬಟ್ಟೆಯನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಸೂಜಿಯಿಂದ ಒತ್ತೊತ್ತಾಗಿ ಹೊಲಿದ ದಪ್ಪನೆಯ ಹೊದಿಕೆಯೇ ಕೌದಿ. ಕೆಲವೆಡೆ ಇದನ್ನು ಕವದಿ ಎಂದೂ ಕರೆಯುವರು. ಮರಾಠಿಯ ಗೋಧಡಿ, ತೆಲುಗಿನ ಬೊಂತ, ಬಂಗಾಳದ ಕಂಥಾ, ಬಿಹಾರದ ಸುಜನಿ, ಸಿಂಧ್ ಮತ್ತು ರಾಜಸ್ಥಾನಗಳ ರಲ್ಲಿ, ಇವೆಲ್ಲ ಇದೇ ಕುಲಕ್ಕೆ ಸೇರಿದವು.

೨. ಹೊಲಿಗೆಯ ಕ್ರಮ

ಕೌದಿಯ ಕೆಲಸ ಬಟ್ಟೆಯ ವಿಂಗಡಣೆಯಿಂದ ಪ್ರಾರಂಭವಾಗುತ್ತದೆ. ವರ್ಷದುದ್ದಕ್ಕೂ ಗಂಟುಕಟ್ಟಿ ಇಟ್ಟ ಹಳೆಯ ಬಟ್ಟೆಗಳನ್ನು ಬಿಚ್ಚಿ, ಒಗೆದು, ಬಿಸಿಲಿನಲ್ಲಿ ಒಣಗಿಸಿ, ಗಟ್ಟಿಯಾದುದನ್ನೂ ಜೀರ್ಣವಾದುದನ್ನೂ ಬೇರ್ಪಡಿಸುವರು. ಜೀರ್ಣವಾದವು ಒಳಪದರಗಳಿಗೆ, ಗಟ್ಟಿಯಾದವು ಹೊರಮೈಗೆ, ಸೀರೆಯ ಅಂಚುಗಳು ಕೌದಿಯ ಅಂಚಿಗೆ. ಅಂಚಿನ ನೇಯ್ಗೆ ಒತ್ತಾಗಿರುವುದರಿಂದ ಸೀರೆಯ ಒಡಲು ಹರಿದ ಮೇಲೂ ಅದು ಬಾಳುತ್ತದೆ. ಹೊದೆಯುವಾಗಲೂ ಒಗೆಯುವಾಗಲೂ ಹೆಚ್ಚು ಎಳೆತಕ್ಕೆ ಸಿಕ್ಕುವುದು ಕೌದಿಯ ನಾಲ್ಕು ಕಡೆಗಳೇ ಆದ್ದರಿಂದ ಈ ವಿನಿಯೋಗದಲ್ಲಿ ತಿಳಿವಳಿಕೆಯಿದೆ.

ಸಾರಿಸಿದ ಪಡಸಾಲೆಯಲ್ಲಿಯೋ ಮಾಳಿಗೆಯ ಮೇಲೆಯೋ ಮೊದಲು ಅಗಲವಾದ ಒಂದು ತಳಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸುವರು. ಅದರ ಮೇಲೆ ಒಳಪದರಗಳು, ಅವುಗಳ ಮೇಲೆ ತುಂಡುಗಳ ಜೋಡಣೆ. ಪದರಗಳು ಜರುಗದಂತೆ ಉದ್ದುದ್ದನೆಯ ಜಾಳು ಹೊಲಿಗೆ ಹಾಕಿಕೊಂಡು, ಬಳಿಕ ಇಬ್ಬರು ಮೂವರು ಬೇರೆಬೇರೆ ಕಡೆಗಳಲ್ಲಿ ಕುಳಿತು ಹೊಲಿಯತೊಡಗುವರು. ಹೊಲಿಗೆ ಅತ್ಯಂತ ಸರಳವಾದುದು: ದಪ್ಪ ನೂಲಿನ ದಾರವನ್ನು ಪೋಣಿಸಿದ ಸೂಜಿಯನ್ನು ಸಮ ಅಂತರದಲ್ಲಿ ಮೇಲಿನಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಹಾಯಿಸುತ್ತ ಹೋಗುವುದು. ಒಂದು ಸಾಲು ಮುಗಿದ ಮೇಲೆ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಸಾಲು.

ಈ ಸರಳ ಹೊಲಿಗೆಯ ಹಿಂದಿರುವ ತತ್ತ್ವವನ್ನು ಗಮನಿಸಬೇಕು. ಜೀರ್ಣವಾದ ಬಟ್ಟೆ ತಾನೊಂದೇ ಎಳೆತವನ್ನು ತಾಳಲಾರದು. ಒತ್ತಾದ ಹೊಲಿಗೆ ಎಲ್ಲ ಪದರಗಳನ್ನೂ ಒಂದುಗೂಡಿಸಿ, ಒಂದೆಡೆ ಬಿದ್ದ ಎಳೆತವನ್ನು ಸುತ್ತಲಿನ ಬಟ್ಟೆಗೂ ದಾರಕ್ಕೂ ಹಂಚಿಬಿಡುತ್ತದೆ. ಪದರಗಳ ನಡುವೆ ನಿಂತ ಗಾಳಿ ಮೈಯ ಕಾವನ್ನು ಹೊರಹೋಗದಂತೆ ತಡೆಯುತ್ತದೆ. ಒಗೆದಂತೆಲ್ಲ ಬಟ್ಟೆ ಮೆತ್ತಗಾಗಿ ಪದರಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಬಾಣಂತಿಗೂ ಕೂಸಿಗೂ ಹೊಸ ಬಟ್ಟೆಗಿಂತ ಹಳೆಯ ಸೀರೆಯ ಕೌದಿಯೇ ಲೇಸೆಂಬ ಹಿರಿಯರ ಮಾತಿಗೆ ಈ ಮೆದುತನವೇ ಕಾರಣ.

ಶ್ರಮದ ಪ್ರಮಾಣವನ್ನೂ ಲೆಕ್ಕ ಹಾಕಬಹುದು. ಒಂಬತ್ತು ಗಜದ ಒಂದು ಸೀರೆಯೆಂದರೆ ೨೭ ಅಡಿ ಉದ್ದದ ಬಟ್ಟೆ. ಅದನ್ನು ನಾಲ್ಕು ಸಮಭಾಗ ಮಾಡಿದರೆ ಒಂದೊಂದು ಭಾಗ ಆರೂ ಮುಕ್ಕಾಲು ಅಡಿಯಾಗುತ್ತದೆ. ಎಂದರೆ ಒಬ್ಬರು ಹೊದೆಯುವ ಕೌದಿಯ ನಾಲ್ಕು ಪದರಗಳಿಗೆ ಒಂದು ಸೀರೆ ಸಾಲುತ್ತದೆ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಯಲ್ಲಿ ಅಂಗುಲಕ್ಕೊಂದರಂತೆ ಉದ್ದಕ್ಕೆ ಸಾಲು ಹಾಕಿದರೆ ೪೮ ಸಾಲುಗಳಾಗಿ, ಹೊಲಿಗೆಯ ಒಟ್ಟು ಉದ್ದ ೨೮೮ ಅಡಿಯಾಗುತ್ತದೆ. ಅರ್ಧ ಅಂಗುಲಕ್ಕೊಂದು ಸಾಲಾದರೆ ಇದು ಇಮ್ಮಡಿ. ಇಷ್ಟೂ ದೂರವನ್ನು ಸೂಜಿ ಹಲವು ಪದರಗಳನ್ನು ತೂರಿಕೊಂಡು ಕ್ರಮಿಸಬೇಕು. ಈ ದುಡಿಮೆಗೆ ಕೂಲಿಯ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

೩. ಬೇಸಿಗೆಯೇ ಏಕೆ?

ಕೌದಿ ಹೊಲಿಯುವ ಕಾಲ ಸಾಮಾನ್ಯವಾಗಿ ಬೇಸಿಗೆ. ಎರೆಸೀಮೆಯ ಒಕ್ಕಲುತನದ ಕ್ರಮವನ್ನು ನೋಡಿದರೆ ಇದರ ಕಾರಣ ಸ್ಪಷ್ಟವಾಗುತ್ತದೆ. ಹಿಂಗಾರಿಯ ಬಿಳಿಜೋಳ ಮನೆಗೆ ಬಂದು, ಹತ್ತಿಯ ಬಿಡಿಸುವಿಕೆ ಮುಗಿಯುವ ಹೊತ್ತಿಗೆ ಯುಗಾದಿ ಸಮೀಪಿಸಿರುತ್ತದೆ. ಅಲ್ಲಿಂದ ರೋಹಿಣಿ, ಮೃಗಶಿರಾ ಮಳೆಗಳವರೆಗೆ ಹೊಲದಲ್ಲಿ ಹೆಂಗಸರಿಗೆ ಕೆಲಸ ಕಡಿಮೆ. ಹಗಲು ದೀರ್ಘ, ಮಳೆಯ ಅಂಜಿಕೆಯಿಲ್ಲದೆ ಬಟ್ಟೆಯನ್ನು ದಿನಗಟ್ಟಲೆ ಹರವಿಡಬಹುದು. ಶಾವಿಗೆ, ಹಪ್ಪಳ, ಸಂಡಿಗೆಗಳ ಕಾಲವೂ ಇದೇ. ಶಾಲೆಗಳು ಬಂದ ಮೇಲೆ ಬೇಸಿಗೆಯ ರಜೆಯೂ ಇದರೊಡನೆ ಸೇರಿಕೊಂಡಿತು. ಮಕ್ಕಳೊಡನೆ ತವರಿಗೆ ಬಂದ ಹೆಣ್ಣುಮಕ್ಕಳು, ಓದುವ ಹುಡುಗಿಯರು, ಮನೆಯ ಹಿರಿಯ ಮುದುಕಿಯರು ಒಂದೇ ಪಡಸಾಲೆಯಲ್ಲಿ ಕೂಡುವ ಅವಕಾಶ ವರ್ಷದಲ್ಲಿ ಇದೊಂದೇ.

ನೆರೆಯವರೂ ಬಂದು ಕೈಗೂಡಿಸುವುದುಂಟು. ಇಂದು ಈ ಮನೆಯ ಕೌದಿಗೆ ಅವರು ಬಂದರೆ ನಾಳೆ ಅವರ ಮನೆಯ ಶಾವಿಗೆಗೆ ಇವರು ಹೋಗಬೇಕು. ಹೊಲದ ಕೆಲಸದಲ್ಲಿ ಮುಯ್ಯಾಳು ಎಂದು ಕರೆಯಲ್ಪಡುವ ಪದ್ಧತಿಯೇ ಇಲ್ಲಿಯೂ ನಡೆಯುತ್ತದೆ. ಊರೂರು ತಿರುಗುವ ಕೆಲವು ಸಮುದಾಯಗಳ ಹೆಂಗಸರು ಮನೆಬಾಗಿಲಿಗೆ ಬಂದು, ಕಾಳುಕಡಿಯನ್ನೋ ಹಣವನ್ನೋ ಪಡೆದು ಕೌದಿ ಹೊಲಿದುಕೊಡುವ ರೂಢಿಯೂ ಉಂಟು. ಆದರೆ ಬಟ್ಟೆ ಮಾತ್ರ ಯಾವಾಗಲೂ ಮನೆಯದೇ.

ಹೊಸದಾಗಿ ಕೊಂಡ ಬಟ್ಟೆಯನ್ನು ಕೌದಿಗಾಗಿ ಕತ್ತರಿಸುತ್ತಿರಲಿಲ್ಲವೆಂಬುದು ಮುಖ್ಯವಾದ ಸಂಗತಿ. ಯಂತ್ರದ ಬಟ್ಟೆ ಅಗ್ಗವಾಗುವುದಕ್ಕೆ ಮುಂಚೆ ಒಂದು ಸೀರೆಯೆಂದರೆ ನೂಲುವವಳ, ಬಣ್ಣಗಾರನ, ನೇಕಾರನ ಅನೇಕ ದಿನಗಳ ದುಡಿಮೆ. ಅದನ್ನು ಕೊನೆಯ ಎಳೆಯವರೆಗೂ ಉಪಯೋಗಿಸುತ್ತಿದ್ದರು. ಹಬ್ಬಕ್ಕೆ ಉಟ್ಟ ಸೀರೆ ಕ್ರಮೇಣ ನಿತ್ಯದ ಸೀರೆಯಾಗಿ, ಬಳಿಕ ಕೂಸಿನ ಜೋಲಿಯಾಗಿ, ಕೌದಿಯ ಪದರಾಗಿ, ಕೊನೆಗೆ ಕೌದಿಯೂ ಹರಿದ ಮೇಲೆ ಒಲೆಯ ಮಸಿಯರಿವೆಯಾಗಿ ಮುಗಿಯುತ್ತಿತ್ತು.

೪. ತೇಪೆಬಟ್ಟೆಯ ಪ್ರಾಚೀನತೆ

ಹೊಲಿಗೆ ನಮ್ಮ ದೇಶಕ್ಕೆ ಹೊರಗಿನಿಂದ ತಡವಾಗಿ ಬಂದಿತೆಂಬ ಮಾತು ಒಂದು ಕಾಲದಲ್ಲಿ ಪ್ರಚಾರದಲ್ಲಿತ್ತು. ಸಿಂಧೂ ಕಣಿವೆಯ ನೆಲೆಗಳಲ್ಲಿ ತಾಮ್ರದ ಸೂಜಿಗಳು ದೊರೆತಿವೆ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದ, ಮಂಜಿಷ್ಠದ ಕೆಂಪು ಬಣ್ಣ ಹಾಕಿದ ಹತ್ತಿಬಟ್ಟೆಯ ಚೂರು ದೊರೆತಿದೆ. ಬಟ್ಟೆ ಮತ್ತು ಸೂಜಿ ಎರಡೂ ಇಲ್ಲಿ ಬಹು ಹಳೆಯವೆಂಬುದಕ್ಕೆ ಇಷ್ಟು ಸಾಕು.

ತುಂಡುಬಟ್ಟೆಗಳನ್ನು ಜೋಡಿಸಿ ಹೊಲಿಯುವ ಪದ್ಧತಿಗೆ ಅತ್ಯಂತ ಸ್ಪಷ್ಟವಾದ ಪ್ರಾಚೀನ ಸಾಕ್ಷ್ಯ ಬೌದ್ಧರ ವಿನಯ ಗ್ರಂಥಗಳಲ್ಲಿದೆ. ಭಿಕ್ಷುಗಳು ಬಿಸುಟ ಅರಿವೆಗಳನ್ನು ಆಯ್ದು ಚೀವರಗಳನ್ನು ಮಾಡಿಕೊಳ್ಳುತ್ತಿದ್ದರು. ಮಗಧದ ಗದ್ದೆಗಳ ಬದುಗಳಂತೆ ಕಾಣುವಂತೆ ತುಂಡುಗಳನ್ನು ಜೋಡಿಸಿ ಆನಂದನು ಚೀವರದ ಮಾದರಿಯನ್ನು ಸಿದ್ಧಪಡಿಸಿದನೆಂದು ಅಲ್ಲಿ ಹೇಳಿದೆ. ವರ್ಷಾವಾಸ ಮುಗಿದ ನಂತರದ ತಿಂಗಳಲ್ಲಿ ಸಂಘದವರೆಲ್ಲರೂ ಕೂಡಿ ಒಂದೇ ದಿನದೊಳಗೆ ಚೀವರವನ್ನು ಹೊಲಿದು ಮುಗಿಸುವ 'ಕಠಿನ'ವೆಂಬ ಆಚರಣೆ ಬೌದ್ಧ ದೇಶಗಳಲ್ಲಿ ಇಂದಿಗೂ ಇದೆ. ಕಠಿನವೆಂದರೆ ಮೂಲದಲ್ಲಿ ಹೊಲಿಯುವಾಗ ಬಟ್ಟೆಯನ್ನು ಬಿಗಿದು ಕಟ್ಟುವ ಚೌಕಟ್ಟು. ವರ್ಷದ ಒಂದು ಬಿಡುವಿನ ಕಾಲವನ್ನು ಗೊತ್ತುಮಾಡಿಕೊಂಡು ಹಲವರು ಕೂಡಿ ಹೊಲಿಯುವ ಪರಿಪಾಟಿಗೆ ಇದು ಹಳೆಯ ನಿದರ್ಶನ. ಸನ್ನತಿ, ಕನಗನಹಳ್ಳಿಗಳ ಅವಶೇಷಗಳಿಂದ ಇಂದಿನ ಕಲಬುರಗಿ ಜಿಲ್ಲೆಯಲ್ಲಿ ಬೌದ್ಧ ಸಂಘವು ನೆಲೆಸಿದ್ದಿತೆಂಬುದು ನಿರ್ವಿವಾದವಾದ್ದರಿಂದ ಈ ಚೀವರ ನಮ್ಮ ನಾಡಿಗೂ ಹೊಸದಾಗಿರಲಿಲ್ಲ.

ಕನ್ನಡದಲ್ಲಿ ತೇಪೆಯ ಹೊದಿಕೆಗೆ ಬೊಂತೆ ಎಂಬ ಹಳೆಯ ಮಾತಿದೆ. ಹನ್ನೆರಡನೆಯ ಶತಮಾನದ ವಚನಕಾರ್ತಿಯರಲ್ಲಿ ಒಬ್ಬಳಾದ ಬೊಂತಾದೇವಿಯ ಹೆಸರು ಇದರಿಂದಲೇ ಬಂದುದು. ದಿಗಂಬರೆಯಾಗಿ ಹೊರಟ ಅವಳಿಗೆ ಶಿವನು ಬೊಂತೆಯನ್ನು ಕೊಟ್ಟನೆಂಬುದು ಪರಂಪರೆಯ ಕಥೆ. ಅದೇ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವನೂ ಇದ್ದನು. ಈ ಹೆಸರುಗಳಿಂದ ಎರಡು ಸಂಗತಿಗಳು ವಿದಿತವಾಗುತ್ತವೆ. ಸೂಜಿಯ ಕೆಲಸ ಒಂದು ಕಾಯಕವಾಗಿ ಎಣಿಕೆಗೆ ಬಂದಿತ್ತು. ತೇಪೆಯ ಹೊದಿಕೆ ವಿರಕ್ತರ ಗುರುತಾಗಿತ್ತು. ಮನೆಯಲ್ಲಿ ಹೆಂಗಸರು ಹೊಲಿದ ಹೊದಿಕೆಯ ಮಾತು ಮಾತ್ರ ಇಲ್ಲಿಯೂ ಬರುವುದಿಲ್ಲ.

೫. ದಾಖಲೆಗಳ ಮೌನಕ್ಕೆ ಕಾರಣ

ಕರ್ನಾಟಕದ ಶಾಸನಗಳು ಬಟ್ಟೆಯ ವಿಷಯದಲ್ಲಿ ಮೌನವಾಗಿಲ್ಲ. ಅಯ್ಯಾವೊಳೆ ಐನೂರ್ವರಂತಹ ವರ್ತಕ ಸಂಘಗಳು ವ್ಯವಹರಿಸಿದ ಸರಕುಗಳಲ್ಲಿ ಬಟ್ಟೆಯೂ ಒಂದು. ಮಗ್ಗಗಳ ಮೇಲಿನ ತೆರಿಗೆಯಾದ ಮಗ್ಗದೆರೆಯ ಉಲ್ಲೇಖಗಳು ವಿಜಯನಗರ ಕಾಲದ ಶಾಸನಗಳಲ್ಲಿ ಬರುತ್ತವೆ. ಬಟ್ಟೆಯನ್ನು ನೇದವನು, ಹೊಲಿದು ಮಾರಿದವನು, ಕೊಂಡೊಯ್ದ ವರ್ತಕ, ಇವರೆಲ್ಲರೂ ಬರವಣಿಗೆಯೊಳಕ್ಕೆ ಬಂದರು. ಕೌದಿ ಬರಲಿಲ್ಲ.

ಕಾರಣ ಸರಳವಾದುದು. ಮಾರಾಟವಾಗದ ಪದಾರ್ಥಕ್ಕೆ ತೆರಿಗೆ ಬೀಳುವುದಿಲ್ಲ. ತೆರಿಗೆ ಬೀಳದುದಕ್ಕೆ ಲೆಕ್ಕವಿಡುವವರಿಲ್ಲ. ಕೌದಿಯನ್ನು ಗುಡಿಗೆ ದತ್ತಿಯಾಗಿ ಬಿಡುವಂತಿರಲಿಲ್ಲ, ಆಸ್ಥಾನಕ್ಕೆ ಕಾಣಿಕೆ ಒಯ್ಯುವಂತಿರಲಿಲ್ಲ. ಅದರ ಒಡಲೆಲ್ಲ ಹಳೆಯ ಬಟ್ಟೆಯಾದ್ದರಿಂದ ಬಹುಕಾಲ ಬಾಳುವಂತೆಯೂ ಇರಲಿಲ್ಲ. ಬರವಣಿಗೆಯಲ್ಲಿ ಅದರ ನೆನಪು ಉಳಿಯಲಿಲ್ಲ; ವಸ್ತುವಾಗಿಯೂ ಅದು ಉಳಿಯಲಿಲ್ಲ.

ಇದಕ್ಕೆ ಪ್ರತಿಯಾಗಿ, ಮಾರಾಟಕ್ಕೆಂದು ಮಾಡಿದ ಹೊದಿಕೆಗಳ ಗತಿಯನ್ನು ನೋಡಿರಿ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಬಂಗಾಳದ ಸಾತಗಾಂವ್ ಕಡೆಯಿಂದ ಪೋರ್ಚುಗೀಸರು ಕಸೂತಿಯ ಹೊದಿಕೆಗಳನ್ನು ಕೊಂಡು ಯುರೋಪಿಗೆ ಒಯ್ದರು. ಅವುಗಳಲ್ಲಿ ಕೆಲವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿಯೂ ಇತರೆಡೆಗಳಲ್ಲಿಯೂ ಇಂದಿಗೂ ಉಳಿದಿವೆ. ಅದೇ ಬಂಗಾಳದ ಮನೆಗಳಲ್ಲಿ ಹೊಲಿದ ಕಂಥಾಗಳಲ್ಲಿ ಇಂದು ಕಾಣಸಿಗುವವು ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದವು ಮತ್ತು ಆಮೇಲಿನವು. ಅವೂ ಉಳಿದುದಕ್ಕೆ ಗುರುಸದಯ ದತ್ತರಂತಹವರು ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿದ್ದು ಕಾರಣ. ಸ್ಟೆಲ್ಲಾ ಕ್ರಾಮ್ರಿಶ್ ೧೯೩೯ರಲ್ಲಿ ಕಂಥಾದ ಮೇಲೆ ಲೇಖನ ಬರೆದ ಅನಂತರ ವಿದ್ವಾಂಸರ ಗಮನ ಆ ಕಡೆ ಹರಿಯಿತು. ನಮ್ಮ ಕೌದಿಗೆ ಅಂತಹ ಸಂಗ್ರಾಹಕರ ಭಾಗ್ಯ ಒದಗಲಿಲ್ಲ. ಕರ್ನಾಟಕದ ಸೂಜಿಗೆಲಸವೆಂದರೆ ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳ ಕಸೂತಿಯನ್ನೇ ಎಲ್ಲರೂ ಹೆಸರಿಸುವರು. ಕಸೂತಿಗೆ ಈ ಮನ್ನಣೆ ಸಲ್ಲತಕ್ಕದ್ದೇ. ಆದರೆ ಇಳಕಲ್ಲಿನ ಸೀರೆಗೆ ಕಸೂತಿ ಹಾಕಿದ ಕೈಯೇ ಆ ಸೀರೆ ಹಳತಾದ ಮೇಲೆ ಅದನ್ನು ಕೌದಿಯಾಗಿ ಹೊಲಿಯಿತೆಂಬುದನ್ನು ಮರೆಯಬಾರದು.

೬. ಕೌದಿಯ ಕಾಲನಿರ್ಣಯ

ಇನ್ನು ಕೌದಿಯನ್ನು ಇತಿಹಾಸದ ಆಧಾರವಾಗಿ ಓದುವುದು ಹೇಗೆಂಬುದನ್ನು ವಿಚಾರಿಸೋಣ. ನಾಣ್ಯನಿಧಿಯ ಕಾಲವನ್ನು ಗೊತ್ತುಮಾಡುವ ವಿಧಾನ ನಮ್ಮ ವಿದ್ಯಾರ್ಥಿಗಳಿಗೆ ತಿಳಿದದ್ದೇ. ನೆಲದಲ್ಲಿ ದೊರೆತ ಗಡಿಗೆಯೊಂದರಲ್ಲಿ ಹಲವು ಕಾಲದ ನಾಣ್ಯಗಳಿದ್ದರೆ, ಅವುಗಳಲ್ಲಿ ಅತ್ಯಂತ ಈಚಿನ ನಾಣ್ಯಕ್ಕಿಂತ ಮೊದಲು ಆ ಗಡಿಗೆಯನ್ನು ಹೂಳಿರಲು ಸಾಧ್ಯವಿಲ್ಲ. ಈ ನ್ಯಾಯವೇ ಕೌದಿಗೂ ಅನ್ವಯಿಸುತ್ತದೆ. ಕೌದಿಯಲ್ಲಿರುವ ಅತ್ಯಂತ ಈಚಿನ ಬಟ್ಟೆಗಿಂತ ಕೌದಿ ಹಳತಾಗಿರಲಾರದು.

ಬಟ್ಟೆಯ ಕಾಲವನ್ನು ಸೂಚಿಸುವ ಗುರುತುಗಳು ಹಲವಿವೆ. ಕೃತಕ ಬಣ್ಣಗಳ ಯುಗ ೧೮೫೬ರಲ್ಲಿ ಪರ್ಕಿನ್ನನು ನೇರಳೆ ಬಣ್ಣವನ್ನು ತಯಾರಿಸಿದಂದಿನಿಂದ ಪ್ರಾರಂಭವಾಯಿತು. ಮಂಜಿಷ್ಠದ ಕೆಂಪಿನ ಸತ್ತ್ವವಾದ ಅಲಿಜರಿನ್ ಜರ್ಮನಿಯಲ್ಲಿ ೧೮೬೮ರಲ್ಲಿ ಕೃತಕವಾಗಿ ತಯಾರಾಯಿತು. ಕೃತಕ ನೀಲಿ ೧೮೯೭ರಲ್ಲಿ ಮಾರುಕಟ್ಟೆಗೆ ಬಂದಿತು. ತುಂಡುಬಟ್ಟೆಯಲ್ಲಿ ಎರಡು ದಾರಗಳು ಒಂದನ್ನೊಂದು ಕೊಂಡಿಹಾಕಿಕೊಂಡ ಯಂತ್ರದ ಹೊಲಿಗೆ ಉಳಿದಿದ್ದರೆ, ಆ ಅಂಗಿಯೋ ಕುಪ್ಪಸವೋ ಹೊಲಿಗೆಯಂತ್ರ ಬಂದ ಮೇಲಿನದು. ಎಲಿಯಸ್ ಹೋವ್ ಅಮೇರಿಕದಲ್ಲಿ ತನ್ನ ಯಂತ್ರಕ್ಕೆ ಹಕ್ಕುಪತ್ರ ಪಡೆದದ್ದು ೧೮೪೬ರಲ್ಲಿ. ನಮ್ಮ ಊರುಗಳಿಗೆ ಯಂತ್ರಗಳು ಬಂದುದು ಅದಕ್ಕಿಂತ ಎಷ್ಟೋ ಈಚೆಗೆ. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬವರು ಕಂಡುಹಿಡಿದದ್ದು ೧೯೪೧ರಲ್ಲಿ. ಟೆರಿಲೀನ್, ಟೆರಿಕಾಟ್ ಬಟ್ಟೆಯ ಒಂದು ತುಂಡು ಮೂಲ ಹೊಲಿಗೆಯಲ್ಲಿ ಸೇರಿದ್ದರೆ ಆ ಕೌದಿ ಅದಕ್ಕಿಂತ ಈಚಿನದೆಂದು ನಿಸ್ಸಂದೇಹವಾಗಿ ಹೇಳಬಹುದು. ಇದನ್ನು ತಿಳಿಯಲು ಪ್ರಯೋಗಶಾಲೆಯ ಅಗತ್ಯವೂ ಇಲ್ಲ. ಸಡಿಲವಾದ ಒಂದು ಎಳೆಯನ್ನು ಮನೆಯವರ ಒಪ್ಪಿಗೆಯಿಂದ ತೆಗೆದುಕೊಂಡು ಬೆಂಕಿಗೆ ಹಿಡಿದರೆ, ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಗುಂಡಾಗುತ್ತದೆ.

ಈ ವಿಧಾನಕ್ಕೆ ಮಿತಿಗಳಿವೆ. ಕೌದಿ ಹರಿದಂತೆಲ್ಲ ತೇಪೆ ಹಾಕುವರು. ಈಚಿನ ತೇಪೆಯೊಂದನ್ನು ನೋಡಿ ಇಡೀ ಕೌದಿಯನ್ನು ಈಚಿನದೆನ್ನುವುದು, ಗುಡಿಯ ಹೊಸ ಗೋಪುರವನ್ನು ನೋಡಿ ಗರ್ಭಗೃಹದ ಕಾಲವನ್ನು ಹೇಳಿದಂತಾಗುತ್ತದೆ. ಮೂಲ ಹೊಲಿಗೆಯ ಸಾಲು ಆ ತುಂಡಿನ ಮೇಲೆ ಹಾಯ್ದಿದೆಯೋ ಅಥವಾ ತುಂಡು ಸಾಲಿನ ಮೇಲೆ ಕುಳಿತಿದೆಯೋ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಇನ್ನೊಂದು ವಿಶೇಷವೂ ಉಂಟು. ತೀರ ಹಳತಾದ ಕೌದಿಯನ್ನೇ ಒಳಪದರಾಗಿಟ್ಟು ಅದರ ಮೇಲೆ ಹೊಸ ಕೌದಿಯನ್ನು ಹೊಲಿಯುವುದುಂಟು. ಪ್ರಾಚೀನ ಊರಿನ ದಿಬ್ಬದಲ್ಲಿ ಹಳೆಯ ಪದರ ಕೆಳಗೂ ಹೊಸದು ಮೇಲೂ ಇರುವಂತೆ, ಇಂತಹ ಕೌದಿಯಲ್ಲಿ ಹಳತು ಒಳಗೂ ಹೊಸತು ಹೊರಗೂ ಇರುತ್ತದೆ. ಅಂಚು ಸವೆದು ಬಾಯಿಬಿಟ್ಟಲ್ಲಿ ಅಜ್ಜಿಯ ಕಾಲದ ಸೀರೆಯ ಬಣ್ಣ ಒಳಗಿನಿಂದ ಇಣುಕುತ್ತದೆ.

ಹೀಗೆ ಓದಿದಾಗ ಒಂದು ಪ್ರದೇಶದ ಆರ್ಥಿಕ ಇತಿಹಾಸವೇ ಕೌದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಧಾರವಾಡ ಸೀಮೆ ಹತ್ತಿಗೆ ಹೆಸರಾದ ನೆಲ. ೧೮೬೧ರಿಂದ ೧೮೬೫ರವರೆಗೆ ನಡೆದ ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಲ್ಯಾಂಕಷೈರಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋಗಿ, ಇಲ್ಲಿಯ ಹತ್ತಿಗೆ ಅಪಾರ ಬೇಡಿಕೆ ಬಂದಿತು. ೧೮೮೦ರ ದಶಕದಲ್ಲಿ ಸದರ್ನ್ ಮರಾಠಾ ರೈಲುಮಾರ್ಗ ಈ ಸೀಮೆಯನ್ನು ಹಾಯಿತು; ಅದೇ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಎದ್ದಿತು. ಹತ್ತಿ ಹೊರಗೆ ಹೋಗಿ ಗಿರಣಿಯ ಬಟ್ಟೆಯಾಗಿ ಹಿಂದಿರುಗತೊಡಗಿತು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದ ಕಾಲಕ್ಕೆ ಖಾದಿ ಈ ಭಾಗದ ಮನೆಗಳನ್ನು ಹೊಕ್ಕಿತ್ತು. ಇಳಕಲ್ಲಿನ ಸೀರೆಯ ಅಂಚು, ಗುಳೇದಗುಡ್ಡದ ಖಣ, ಗಿರಣಿಯ ಚೀಟಿ, ಏರುಪೇರಾದ ಕೈನೂಲಿನ ಖಾದಿ, ಟೆರಿಕಾಟ್ ಅಂಗಿ, ಇವೆಲ್ಲ ಒಂದೇ ಕೌದಿಯಲ್ಲಿ ಅಕ್ಕಪಕ್ಕ ಕುಳಿತಿದ್ದರೆ ಆ ಮನೆಯ ಮೂರು ತಲೆಮಾರುಗಳ ಕೊಳ್ಳುವಿಕೆಯ ಲೆಕ್ಕ ನಮ್ಮ ಮುಂದಿದ್ದಂತೆ. ಕಚೇರಿಯ ಅಂಕಿಗಳು ಎಷ್ಟು ಬಟ್ಟೆ ಬಂದಿತೆಂದು ಹೇಳಬಲ್ಲವು. ಅದು ಯಾರ ಮೈಮೇಲೆ ಎಷ್ಟು ಕಾಲ ಸವೆಯಿತೆಂಬುದನ್ನು ಹೇಳಲಾರವು.

೭. ಸಿದ್ದಿಯರ ಕವಂದಿ

ದಾಖಲೆಗೆ ಬರುವವರು ಯಾರು, ಬಾರದವರು ಯಾರು ಎಂಬ ಪ್ರಶ್ನೆ ಉತ್ತರ ಕನ್ನಡದ ಸಿದ್ದಿಯರ ವಿಷಯದಲ್ಲಿ ಮತ್ತಷ್ಟು ತೀವ್ರವಾಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಮುಂತಾದ ತಾಲೂಕುಗಳ ಕಾಡಿನ ಅಂಚಿನಲ್ಲಿ ವಾಸಿಸುವ ಇವರು ಆಫ್ರಿಕ ಮೂಲದವರು. ಇವರ ಪೂರ್ವಜರಲ್ಲಿ ಬಹುಮಂದಿಯನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರೂ ಬಿಡುಗಡೆ ಹೊಂದಿದವರೂ ಘಟ್ಟದ ಕಾಡನ್ನು ಸೇರಿದರು. ಇವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರು ಮತದವರೂ ಇದ್ದಾರೆ. ೨೦೦೩ರಲ್ಲಿ ಇವರು ಪರಿಶಿಷ್ಟ ಪಂಗಡಕ್ಕೆ ಸೇರಿಸಲ್ಪಟ್ಟರು.

ಆಫ್ರಿಕ ಮೂಲದವನೇ ಆದ ಇಖ್ಲಾಸ್ ಖಾನನು ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ಮಂತ್ರಿಪದವಿಗೇರಿದನು. ಅವನ ಚಿತ್ರಗಳು ಉಳಿದಿವೆ. ಚರಿತ್ರೆಗಳಲ್ಲಿ ಅವನ ಹೆಸರಿದೆ. ಕಾಡಿಗೆ ಹೋದ ಹೆಂಗಸರ ಹೆಸರನ್ನು ಯಾವ ಆಸ್ಥಾನದ ಲೇಖಕನೂ ಬರೆಯಲಿಲ್ಲ. ಅವರ ಕೈಯಿಂದ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದದ್ದು ಕವಂದಿ, ಎಂದರೆ ಅವರ ಕೌದಿ.

ಕವಂದಿಯ ಹೊಲಿಗೆ ಒಂದು ಮೂಲೆಯಿಂದ ಪ್ರಾರಂಭವಾಗಿ, ನಾಲ್ಕು ಅಂಚುಗಳನ್ನೂ ಸುತ್ತುತ್ತ, ಕ್ರಮೇಣ ಒಳಸರಿದು ನಡುವನ್ನು ಮುಟ್ಟುತ್ತದೆ. ತುಂಡುಗಳನ್ನು ಮೊದಲೇ ಜೋಡಿಸಿಕೊಳ್ಳದೆ ಹೊಲಿಯುತ್ತ ಹೋದಂತೆ ಸೇರಿಸಿಕೊಳ್ಳುವರು. ಕೊನೆಯಲ್ಲಿ ನಾಲ್ಕು ಮೂಲೆಗಳಿಗೂ ಮಡಿಸಿದ ಮುಕ್ಕೋನದ ಚಿಕ್ಕ ತುಂಡುಗಳನ್ನು ಹೊಲಿಯುವರು. ಇವನ್ನು ಫೂಲ, ಎಂದರೆ ಹೂವು, ಎನ್ನುವರು. ಫೂಲವಿಲ್ಲದ ಕವಂದಿ ಬತ್ತಲೆಯೆಂಬ ಭಾವನೆ ಅವರಲ್ಲಿದೆ. ಕ್ರೈಸ್ತರ ಕವಂದಿಗಳಲ್ಲಿ ಶಿಲುಬೆ, ಮುಸಲ್ಮಾನರವುಗಳಲ್ಲಿ ಅರ್ಧಚಂದ್ರ ಕಾಣುವುದುಂಟು. ಈಚಿನ ವರ್ಷಗಳಲ್ಲಿ ಕವಂದಿಗಳನ್ನು ಮಾರಾಟಕ್ಕೂ ಹೊಲಿಯತೊಡಗಿದ್ದಾರೆ. ೨೦೧೧ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಮಾರುಕಟ್ಟೆಗೂ ಪ್ರದರ್ಶನಕ್ಕೂ ಬಂದ ಮೇಲೆ ಕವಂದಿಯ ವಿಷಯದಲ್ಲಿ ಬರವಣಿಗೆ ಬೆಳೆಯಿತೆಂಬುದನ್ನು ನೋಡಿದರೆ, ಮೇಲೆ ಹೇಳಿದ ದಾಖಲೆಗಳ ನಿಯಮ ಇಂದಿಗೂ ನಡೆದಿದೆಯೆಂದೇ ಹೇಳಬೇಕಾಗುತ್ತದೆ.

ಕವಂದಿಯ ಬಣ್ಣಗಾರಿಕೆಯನ್ನು ನೋಡಿ ಅದೆಲ್ಲವೂ ಆಫ್ರಿಕದಿಂದ ಬಂದುದೆಂದು ಸಾರುವ ಆತುರ ಸಲ್ಲದು. ಪದರಗಳ ಹಾಸುವಿಕೆ, ಸಾದಾ ಹೊಲಿಗೆ, ಹಳೆಯ ಬಟ್ಟೆಯ ಉಪಯೋಗ ಇವು ದಖ್ಖನದ ಎಲ್ಲ ಸಮುದಾಯಗಳಿಗೂ ಸಮಾನವಾದವು. ಎರಡು ವಸ್ತುಗಳು ಒಂದನ್ನೊಂದು ಹೋಲುವುದರಿಂದಲೇ ಒಂದರಿಂದ ಇನ್ನೊಂದು ಹುಟ್ಟಿತೆಂದು ಸಿದ್ಧವಾಗುವುದಿಲ್ಲ. ನೆರೆಹೊರೆಯವರಿಂದ ಕಲಿತದ್ದು ಯಾವುದು, ತಾವೇ ಬೆಳೆಸಿಕೊಂಡದ್ದು ಯಾವುದು ಎಂಬುದನ್ನು ಊರೂರಿನ ಕೌದಿಗಳನ್ನು ಹೋಲಿಸಿದ ಮೇಲೆಯೇ ಹೇಳಬಹುದು. ಆ ಹೋಲಿಕೆಗೆ ಬೇಕಾದ ಸಾಮಗ್ರಿಯನ್ನು ಕೂಡಿಸುವ ಕೆಲಸ ಮೊದಲಾಗಬೇಕು.

೮. ರಜೆಯಲ್ಲಿ ಮಾಡಬಹುದಾದ ಕೆಲಸ

ಈ ಕೂಡಿಸುವಿಕೆಗೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗಿಂತ ಯೋಗ್ಯರು ಇನ್ನಾರೂ ಇಲ್ಲ. ಬೇಸಿಗೆಯ ರಜೆಯಲ್ಲಿ ಅವರು ಊರಿಗೆ ಹೋಗುವ ಕಾಲವೂ ಕೌದಿಯ ಕಾಲವೂ ಒಂದೇ. ಶಾಸನವನ್ನು ಓದಲು ಲಿಪಿಜ್ಞಾನ ಬೇಕು, ಕಡತವನ್ನು ನೋಡಲು ಕಚೇರಿಯ ಅನುಮತಿ ಬೇಕು. ಕೌದಿಯನ್ನು ನೋಡಲು ಅಜ್ಜಿಯನ್ನು ಕೇಳಿದರೆ ಸಾಕು.

ಪ್ರತಿಯೊಂದು ಕೌದಿಗೂ ಒಂದು ಹಾಳೆಯನ್ನು ತೆಗೆದಿರಿಸಿ ಈ ಸಂಗತಿಗಳನ್ನು ಬರೆದುಕೊಳ್ಳಬಹುದು: ಊರು ಮತ್ತು ಅಲ್ಲಿ ಕೌದಿಗೆ ಇರುವ ಹೆಸರು, ಉದ್ದ, ಅಗಲ, ಅಂಚಿನಲ್ಲಿ ಎಣಿಸಿದ ಪದರಗಳ ಸಂಖ್ಯೆ, ಒಂದು ಅಂಗುಲದಲ್ಲಿರುವ ಹೊಲಿಗೆಗಳು, ಸಾಲುಗಳ ನಡುವಣ ಅಂತರ, ಸಾಲುಗಳು ಉದ್ದಕ್ಕೆ ಹೋಗಿವೆಯೋ ಸುತ್ತಿಬಂದಿವೆಯೋ ಎಂಬುದು, ಗುರುತಿಸಬಲ್ಲ ಬಟ್ಟೆಗಳು, ಯಾವ ತುಂಡು ಯಾರ ಉಡುಪಿನದು, ಯಾರು ಯಾರು ಕೂಡಿ, ಯಾವ ವರ್ಷ, ಯಾವ ಸಂದರ್ಭಕ್ಕಾಗಿ ಹೊಲಿದರು, ಆಮೇಲೆ ಹಾಕಿದ ತೇಪೆಗಳು. ವರ್ಷ ನೆನಪಿಲ್ಲದಿದ್ದರೆ ಬರ, ಮದುವೆ, ಹೆರಿಗೆ, ಊರಿಗೆ ವಿದ್ಯುದ್ದೀಪ ಬಂದುದು ಇಂತಹ ಘಟನೆಗಳನ್ನು ಆಸರೆಯಾಗಿಟ್ಟುಕೊಂಡು ಕೇಳಬೇಕು. ಹೊಲಿಗೆಗೆ, ಮೂಲೆಗೆ, ಜೋಡಣೆಗೆ ಹೆಂಗಸರು ಬಳಸುವ ಮಾತುಗಳನ್ನು ಅವರು ಉಚ್ಚರಿಸಿದಂತೆಯೇ ಬರೆದುಕೊಳ್ಳಬೇಕು. ಒಳಗೇನಿದೆಯೆಂದು ನೋಡುವ ಕುತೂಹಲಕ್ಕಾಗಿ ಹೊಲಿಗೆಯನ್ನು ಬಿಚ್ಚುವುದು ಸರ್ವಥಾ ಕೂಡದು. ಬಂಗಾಳದಲ್ಲಿ ಮಾನದಾಸುಂದರಿ ಎಂಬವಳು ತಂದೆಗಾಗಿ ಹೊಲಿದ ಕಂಥಾದ ಮೇಲೆ ತನ್ನ ಹೆಸರನ್ನು ದಾರದಿಂದಲೇ ಬರೆದಳು. ಆದ್ದರಿಂದ ಇಂದು ಅವಳು ಯಾರೆಂಬುದು ನಮಗೆ ಗೊತ್ತು. ನಮ್ಮ ಕೌದಿಗಳ ಮೇಲೆ ಸಾಮಾನ್ಯವಾಗಿ ಹೆಸರಿಲ್ಲ. ಹೊಲಿದವಳ ಹೆಸರು ಹೊಲಿದವಳ ಬಾಯಲ್ಲಿದೆ, ಅವಳನ್ನು ಕಂಡವರ ನೆನಪಿನಲ್ಲಿದೆ.

ಈ ಕಾರ್ಯವನ್ನು ಮುಂದೂಡುವಂತಿಲ್ಲ. ಸೊಲ್ಲಾಪುರದ ಚಾದರವೂ ಕಾರ್ಖಾನೆಯ ರಗ್ಗೂ ಅಗ್ಗವಾಗಿ ದೊರೆಯುವುದರಿಂದ ಮನೆಗಳಲ್ಲಿ ಕೌದಿ ಹೊಲಿಯುವುದು ಕಡಿಮೆಯಾಗುತ್ತಿದೆ. ಹಳೆಯ ಕೌದಿಗಳು ಬಂಡಿಯ ತಳಕ್ಕೂ ದನದ ಕೊಟ್ಟಿಗೆಗೂ ಹೋಗುತ್ತಿವೆ. ಕೌದಿ ಉಳಿದು ಅದನ್ನು ಹೊಲಿದವಳ ಮಾತು ಅಳಿದರೆ, ಓದಬಾರದ ಲಿಪಿಯ ಶಾಸನದಂತೆ ಅದು ನಮ್ಮ ಮುಂದೆ ಸುಮ್ಮನೆ ಬಿದ್ದಿರುತ್ತದೆ. ಮಾತು ಉಳಿದು ಕೌದಿ ಅಳಿದರೆ, ಮೂಲವಿಲ್ಲದ ನಕಲಿನಂತಾಗುತ್ತದೆ. ಎರಡೂ ಒಟ್ಟಿಗೆ ದೊರೆಯುವ ಮನೆಗಳು ಇನ್ನೂ ಇವೆ. ಬರುವ ಬೇಸಿಗೆಯ ರಜೆಯಲ್ಲಿ ಒಂದೊಂದು ಕಾಲೇಜಿನಿಂದ ಹತ್ತು ವಿದ್ಯಾರ್ಥಿಗಳು ಐದೈದು ಕೌದಿಗಳ ವಿವರ ಬರೆದು ತಂದರೂ, ಇದುವರೆಗೆ ಯಾವ ಕಡತವೂ ಕೊಡದ ಒಂದು ಸಾಮಗ್ರಿ ನಮ್ಮ ಕೈಸೇರಿದಂತಾಗುತ್ತದೆ. ಅದರ ಆಧಾರದ ಮೇಲೆ ಊರಿಂದೂರಿಗೆ ಹೋಲಿಕೆ ಮಾಡುವ ಕೆಲಸವನ್ನು ಅಧ್ಯಾಪಕರು ಕೈಗೊಳ್ಳಬಹುದು.